ತೆರೆಯ ಮೇಲಿನ ಕತ್ತಿ: ಗುರುತಿಸುವ ಬಗೆ

ಅನಂತಪುರ ಜಿಲ್ಲೆಯ ಕಂಬದೂರಿಗೆ ಕಲ್ಯಾಣದುರ್ಗದ ಕಡೆಯಿಂದ ತೆಲುಗು ಸಿನಿಮಾ ಬರುತ್ತದೆ, ಪಾವಗಡದ ಕಡೆಯಿಂದ ಕನ್ನಡ ಸಿನಿಮಾ. ಒಂದರ ನಾಯಕನ ಕೈಯಲ್ಲಿ ವೇಟಕೊಡವಲಿ ಎಂಬ ಕುಡುಗೋಲು, ಇನ್ನೊಂದರ ನಾಯಕನ ಕೈಯಲ್ಲಿ ಲಾಂಗು ಎಂಬ ಉದ್ದ ಮಚ್ಚು. 1995ರ ‘ಓಂ’, 1999ರ ‘ಸಮರಸಿಂಹಾ ರೆಡ್ಡಿ’, 2005ರ ‘ಜೋಗಿ’ ಈ ಎರಡು ಧಾರೆಗಳ ಹೆಸರುವಾಸಿ ಚಿತ್ರಗಳು. ಇಂಥ ಚಿತ್ರದಲ್ಲಿ ಕಂಡ ಆಯುಧ ನಿಜಕ್ಕೂ ಯಾವುದು, ಎಲ್ಲಿಯದು ಎಂದು ಪತ್ತೆ ಹಚ್ಚಲು ಏನು ಆಧಾರ? ಹಾಲಿವುಡ್ಡಿನಲ್ಲಿ ಈ ಪ್ರಶ್ನೆಗೆ ಉತ್ತರ ಸಲೀಸು. 1982ರ ‘ಫಸ್ಟ್ ಬ್ಲಡ್’ ಚಿತ್ರದ ಗರಗಸದ ಬೆನ್ನಿನ ಕತ್ತಿಯನ್ನು ಮಾಡಿದವನು ಅರ್ಕಾನ್ಸಾಸಿನ ಜಿಮ್ಮಿ ಲೈಲ್. 1988ರ ‘ರ‍್ಯಾಂಬೋ 3’ರ ಕತ್ತಿ ಗಿಲ್ ಹಿಬ್ಬೆನ್ ಕೈಯದು. ನಮ್ಮ ಕಮ್ಮಾರ ಅಲಗಿನ ಮೇಲೆ ಹೆಸರು ಕೊರೆಯುವವನಲ್ಲ. ಹಾಗಾಗಿ ನಮ್ಮಲ್ಲಿ ಆಕಾರ, ಲೋಹ, ಧರಿಸುವ ಕ್ರಮ ಇವುಗಳಿಂದಲೇ ಗುರುತು ಕಟ್ಟಬೇಕು.

ಮೊದಲು ಒಂದು ಎಚ್ಚರಿಕೆ. 1957ರ ‘12 ಆಂಗ್ರಿ ಮೆನ್’ ಚಿತ್ರದ ತಿರುವೇ ಕತ್ತಿಯ ಗುರುತಿನ ಮೇಲೆ ನಿಂತಿದೆ. ಕೊಲೆಗೆ ಬಳಸಿದ ಮಡಚುಕತ್ತಿ ಅಪರೂಪದ್ದು, ಅಂಥದ್ದು ಇನ್ನೊಂದು ಸಿಗದು ಎಂದು ಉಳಿದ ಜ್ಯೂರಿಗಳು ನಂಬಿ ಕೂತಿರುವಾಗ ಹೆನ್ರಿ ಫೋಂಡಾನ ಪಾತ್ರ ಜೇಬಿನಿಂದ ಅದೇ ಮಾದರಿಯ ಇನ್ನೊಂದನ್ನು ತೆಗೆದು ಮೇಜಿಗೆ ನೆಡುತ್ತದೆ. ಅದನ್ನು ಕೊಂಡದ್ದು ಹುಡುಗನ ಮನೆ ಹತ್ತಿರದ ಗಿರವಿ ಅಂಗಡಿಯಲ್ಲಿ. ಮಾದರಿ ಒಂದೇ ಎಂದಮಾತ್ರಕ್ಕೆ ವಸ್ತುವೂ ಒಂದೇ ಆಗುವುದಿಲ್ಲ. ಸಿನಿಮಾ ಸಾಮಗ್ರಿಯ ಸಂಗ್ರಾಹಕರು ಎಡವುವುದು ಹೆಚ್ಚಾಗಿ ಇಲ್ಲೇ.

ಕನ್ನಡದ ಮಟ್ಟಿಗೆ ಮಾದರಿಯ ಗುರುತು ಅತ್ಯಂತ ಖಚಿತವಾಗಿ ಸಿಗುವುದು ಕೊಡಗಿನ ಕತ್ತಿಗಳಲ್ಲಿ. ಭಾರತೀಸುತರ ಕಾದಂಬರಿ ಆಧರಿಸಿದ ‘ಹುಲಿಯ ಹಾಲಿನ ಮೇವು’ (1979) ಚಿತ್ರದಲ್ಲಿ ರಾಜ್‌ಕುಮಾರ್ ಕೊಡವ ವೀರನಾಗಿ ಕಾಣಿಸಿಕೊಂಡರು. 1990ರ ‘ಮುತ್ತಿನ ಹಾರ’ದಲ್ಲಿ ವಿಷ್ಣುವರ್ಧನ್ ಕೊಡವ ಸೈನಿಕ. ಕೊಡವರ ಉಡುಪಿನಲ್ಲಿ ಕುಪ್ಯ ಎಂಬ ನಿಲುವಂಗಿಯ ಮೇಲೆ ಸುತ್ತಿದ ಚೇಲೆ ಎಂಬ ನಡುಪಟ್ಟಿಗೆ ಮುಂದೆ ಸಿಕ್ಕಿಸುವುದು ಪೀಚೆಕತ್ತಿ: ಗಿಡ್ಡ ಅಲಗು, ಗಿಳಿಕೊಕ್ಕನ್ನು ಹೋಲುವ ಹಿಡಿ, ಬೆಳ್ಳಿಕಟ್ಟಿನ ಒರೆ, ಒರೆಯಿಂದ ಇಳಿಬಿದ್ದ ಸರಪಳಿಯ ತುದಿಗೆ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯಂಥ ಪುಟ್ಟ ಸಾಮಾನುಗಳು. ಒಡಿಕತ್ತಿ ಬೇರೆಯೇ ಜಾತಿಯದು. ಹಿಡಿಯ ಬಳಿ ಸಪೂರವಾಗಿ ಹೊರಟ ಅಲಗು ಮುಂದೆ ಅಗಲವಾಗಿ ಬಾಗುತ್ತದೆ, ಹರಿತ ಇರುವುದು ಬಾಗಿನ ಒಳಮೈಯಲ್ಲಿ. ಅದಕ್ಕೆ ಒರೆಯಿಲ್ಲ. ನಡುವಿನ ಹಿಂಬದಿಗೆ ಕಟ್ಟಿದ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಬರಿ ಅಲಗನ್ನೇ ತೂರಿಸುತ್ತಾರೆ. 1880ರಲ್ಲಿ ಭಾರತದ ಆಯುಧಗಳ ಕೈಪಿಡಿ ಪ್ರಕಟಿಸಿದ ವಿಲ್ಬ್ರಹಾಂ ಎಗರ್ಟನ್ ಈ ಕತ್ತಿಯನ್ನೂ ಕೊಂಡಿಯನ್ನೂ ಜೊತೆಯಾಗಿ ದಾಖಲಿಸಿದ್ದಾನೆ. ಆದ್ದರಿಂದ ಕೊಡಗಿನ ಚಿತ್ರವೊಂದರಲ್ಲಿ ನಟ ಬೆನ್ನು ತಿರುಗಿಸಿದ ಗಳಿಗೆಯೇ ಪರೀಕ್ಷಕನಿಗೆ ಬೇಕಾದದ್ದು. ತೊಡಂಗ್ ಇಲ್ಲದೆ ಒಡಿಕತ್ತಿ ಬರಿಯ ಪಟ್ಟಿಗೆ ಸಿಕ್ಕಿಸಿದ್ದರೆ ಅದು ಕೊಡವ ಮನೆತನದ ಐನ್‌ಮನೆಯಿಂದ ಬಂದದ್ದಲ್ಲ, ವಸ್ತ್ರಾಲಂಕಾರದವರು ಹೊಂದಿಸಿದ್ದು ಎಂದು ನಾನು ಊಹಿಸುತ್ತೇನೆ.

ಲಾಂಗಿನದು ಇದಕ್ಕಿಂತ ಕಷ್ಟದ ಪ್ರಕರಣ. ಅದಕ್ಕೆ ಮನೆತನವೂ ಇಲ್ಲ, ಆಭರಣವೂ ಇಲ್ಲ. ಕಾಯಿ ಒಡೆಯುವ, ಸೌದೆ ಸೀಳುವ ಮಚ್ಚನ್ನೇ ಉದ್ದ ಎಳೆದ ರೂಪ ಅದು. ಹಳ್ಳಿಯ ಕುಲುಮೆಯಲ್ಲಿ ಮಚ್ಚಿಗೆ ಒದಗುವ ಉಕ್ಕು ಬಹುಮಟ್ಟಿಗೆ ಗುಜರಿಗೆ ಬಿದ್ದ ಲಾರಿಯ ಕಮಾನು ಪಟ್ಟೆ. ಪಟ್ಟೆಯ ನಡುವೆ ಬೋಲ್ಟು ಕೂರುವ ತೂತು ಇರುತ್ತದೆ. ಆ ಭಾಗವನ್ನು ಕಮ್ಮಾರ ಕತ್ತರಿಸದೆ ಬಿಟ್ಟಿದ್ದರೆ ತೂತು ಅಲಗಿನಲ್ಲೇ ಉಳಿಯುತ್ತದೆ. ಪಟ್ಟೆಯ ಸಹಜ ಬಾಗು ಎಷ್ಟು ಬಡಿದರೂ ಒಮ್ಮೊಮ್ಮೆ ಪೂರ್ತಿ ಹೋಗುವುದಿಲ್ಲ. ತೂತು, ಬಾಗು, ಹಿಡಿಯ ರಿವೆಟ್ಟುಗಳ ಸಂಖ್ಯೆ, ಅಲಗಿನ ಬಾಯಿಯ ಮುಕ್ಕು, ವೆಲ್ಡಿಂಗಿನ ಗಂಟು: ಒಂದು ಲಾಂಗನ್ನು ಇನ್ನೊಂದರಿಂದ ಬೇರ್ಪಡಿಸುವುದು ಇವೇ.

ಇವನ್ನೆಲ್ಲ ಚಿತ್ರದಲ್ಲಿ ನೋಡಲು ಆಗುತ್ತದೆಯೇ? ಹೊಡೆದಾಟದ ದೃಶ್ಯದಲ್ಲಿ ಆಗುವುದಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರೀಕರಣದಲ್ಲಿ ಪ್ರತಿ ಚೌಕಟ್ಟಿಗೆ ಬೆಳಕು ಬೀಳುವುದು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ. ಬೀಸಿದ ಲಾಂಗಿನ ತುದಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ ಅದು 20 ಸೆಂಟಿಮೀಟರ್ ದಾಟಿರುತ್ತದೆ; ತೆರೆಯ ಮೇಲೆ ಉಳಿಯುವುದು ಬಿಳಿಯ ಗೀಟು. ಮೇಲಾಗಿ ಆಗ ನಟನ ಕೈಯಲ್ಲಿರುವುದು ಬಹುತೇಕ ಡಮ್ಮಿ: ರಬ್ಬರಿನದೋ ಫೈಬರಿನದೋ, ಬೆಳ್ಳಿಬಣ್ಣ ಬಳಿದ ಮರದ್ದೋ. ನಾಯಕ ಆಯುಧವನ್ನು ಹಿಡಿದು ಸುಮ್ಮನೆ ನಿಂತ ಕ್ಲೋಸಪ್ಪಿನಲ್ಲಿ ಉಕ್ಕಿನ ಅಲಗು ಬರುವ ಸಾಧ್ಯತೆ ಹೆಚ್ಚು. ಅಂದರೆ ಒಂದೇ ಚಿತ್ರದ ಒಂದೇ ಲಾಂಗು ವಾಸ್ತವದಲ್ಲಿ ಹಲವು ಇರಬಹುದು. ‘ಇದೇ ಆ ಲಾಂಗು’ ಎಂದು ತೋರಿಸುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಶಾಟಿನದು ಎಂಬುದು. ಪೋಸ್ಟರನ್ನಂತೂ ನಂಬುವಂತಿಲ್ಲ. ವಿನ್ಯಾಸಕಾರರು ಚಿತ್ರವನ್ನು ಎಡಬಲ ತಿರುಗಿಸಿಬಿಡುತ್ತಾರೆ, ಆಗ ಮುಕ್ಕೂ ರಿವೆಟ್ಟೂ ಬದಿ ಬದಲಿಸುತ್ತವೆ. ನಾಯಕನ ಅಂಗಿಯ ಗುಂಡಿಪಟ್ಟಿ ಯಾವ ಬದಿಗಿದೆ ಎಂದು ನೋಡಿದರೆ ಈ ಮೋಸ ಸಿಕ್ಕಿಬೀಳುತ್ತದೆ.

ಕಲ್ಲಿನ ಮೇಲಿನ ಆಯುಧಗಳನ್ನು ಓದುವವರಿಗೆ ಈ ಕಷ್ಟ ಹೊಸದಲ್ಲ. ಕಂಬದೂರಿನ ಸೀಮೆ ಹೇಮಾವತಿಯಿಂದ ಆಳಿದ ನೊಳಂಬರದು. ಅವರ ಕಾಲದಲ್ಲಿ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನ ಬೇಗೂರು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಯುದ್ಧದ ಚಿತ್ರದಲ್ಲಿ ಆನೆ, ಕುದುರೆ, ಕಾಲಾಳುಗಳ ನಡುವೆ ಆಯುಧಗಳೂ ತುಂಬಿವೆ. ಶಿಲ್ಪಿ ನಾಗತ್ತರನ ಸ್ವಂತ ಕತ್ತಿಯನ್ನು ನೋಡಿ ಕೆತ್ತಿದನೆಂದು ಯಾರೂ ವಾದಿಸುವುದಿಲ್ಲ. ಆ ಕಾಲದ ಕತ್ತಿಯ ಜಾತಿ ಯಾವುದೆಂದು ತಿಳಿಯಲು ಅದನ್ನು ಬಳಸುತ್ತೇವೆ. ‘ಜೋಗಿ’ಯ ಲಾಂಗಿಗೂ ಸದ್ಯಕ್ಕೆ ಇದೇ ಮಾನದಂಡ ಸಾಕು. ಮುಕ್ಕು, ರಿವೆಟ್ಟು ಚೌಕಟ್ಟಿನೊಂದಿಗೆ ತಾಳೆಯಾಗುವ ಅಲಗೊಂದು ಪರೀಕ್ಷೆಗೆ ಬಂದ ದಿನ ಮುಂದಿನ ಹೆಜ್ಜೆ ಇಡಬಹುದು.