ಪಹಣಿ ಎಂದರೆ ನೋಡುವುದು

ಹೈದರಾಬಾದಿನಿಂದ ಬೆಂಗಳೂರಿನ ಕಡೆ ಹೊರಟವರಿಗೆ ಊರು ದಾಟುತ್ತಲೇ ಸಿಗುವ ಶಂಶಾಬಾದ್ ಇವತ್ತು ವಿಮಾನ ನಿಲ್ದಾಣದ ಹೆಸರಿನಿಂದಲೇ ಗುರುತು. 2008ರ ಮಾರ್ಚ್‌ನಲ್ಲಿ ನಿಲ್ದಾಣ ಬಾಗಿಲು ತೆರೆಯಿತು. ಅದಕ್ಕೆ ಸುಮಾರು 5,500 ಎಕರೆ ಹೋಯಿತು. ಸುತ್ತಲಿನ ನೆಲಕ್ಕೆ ಎಕರೆಯ ಲೆಕ್ಕ ಹೋಗಿ ಚದರ ಗಜದ ಲೆಕ್ಕ ಬಂತು. ಆದರೆ ಈ ನೆಲಕ್ಕೆ ಇನ್ನೊಂದು ಚರಿತ್ರೆಯಿದೆ, ಅದನ್ನು ನೆನೆಯುವವರು ಕಡಿಮೆ. 1988-89ರಲ್ಲಿ ಕೇಂದ್ರ ಸರ್ಕಾರ ಭೂದಾಖಲೆಗಳ ಗಣಕೀಕರಣವನ್ನು ಪ್ರಯೋಗಕ್ಕೆ ಹಚ್ಚಿದಾಗ ದೇಶದಲ್ಲಿ ಆರಿಸಿಕೊಂಡದ್ದು ಎಂಟೇ ಜಿಲ್ಲೆ. ಗಾಂಧಿನಗರ, ವಾರ್ಧಾ, ಮೊರೆನಾ, ಮಯೂರ್‌ಭಂಜ್ ಮುಂತಾದವುಗಳ ಜೊತೆಗೆ ಆಗಿನ ಆಂಧ್ರಪ್ರದೇಶದಿಂದ ಸೇರಿದ್ದು ರಂಗಾರೆಡ್ಡಿ ಜಿಲ್ಲೆ, ಅಂದರೆ ಶಂಶಾಬಾದ್ ಇರುವ ಜಿಲ್ಲೆ. ನಾವು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ 'ಭೂಮಿ' ಯೋಜನೆಗೆ ಹತ್ತು ವರ್ಷಕ್ಕೂ ಮೊದಲೇ ಇಲ್ಲಿಯ ಹೊಲಗಳ ವಿವರವನ್ನು ಯಂತ್ರದಲ್ಲಿ ತುಂಬಿಸಿ, ಅಲ್ಲಿಂದಲೇ ಅಚ್ಚುಕಟ್ಟಾದ ಪಹಣಿ ಹೊರಡಿಸುವ ಕನಸು ಕಂಡಿದ್ದರು. ಅಲ್ಲಿಂದ ಇಂದಿನವರೆಗಿನ ಹಾದಿಯನ್ನು ನೋಡಿದರೆ ನನಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಕೋಷ್ಟಕದಿಂದ ಕಾಗದ ಹುಟ್ಟಿಸುವ ವಿದ್ಯೆಯನ್ನು ಕಂಪ್ಯೂಟರ್ ತರಲಿಲ್ಲ, ಅದು ಮೊದಲೇ ಇತ್ತು. ಹೊಲವನ್ನು ನೋಡುವ ಕಣ್ಣನ್ನೂ ಕಾಗದ ಕೊಡುವ ಕೈಯನ್ನೂ ಬೇರೆಬೇರೆ ಮಾಡಿದ್ದು ಕಂಪ್ಯೂಟರ್. ಆಮೇಲಿನ ಜಗಳಗಳ ಬೇರು ಬಹುಪಾಲು ಅಲ್ಲಿದೆ.

ಪಹಣಿ ಎಂಬ ಮಾತು ಮರಾಠಿಯ 'ಪಾಹಣೀ'ಯಿಂದ ಬಂದದ್ದು. ಪಾಹಣೇ ಎಂದರೆ ನೋಡುವುದು. ಬೆಳೆ ನಿಂತಿರುವಾಗ ಊರ ಲೆಕ್ಕಿಗ ಬದುವಿನ ಮೇಲೆ ನಡೆದು, ಯಾವ ನಂಬರಿನಲ್ಲಿ ಯಾವ ಬೆಳೆ, ಉಳುತ್ತಿರುವವರು ಯಾರು, ಬಾವಿ ಇದೆಯೇ, ಎಷ್ಟು ಬೀಳು ಬಿದ್ದಿದೆ ಎಂದು ನೋಡಿ ಬರೆಯಬೇಕಾಗಿದ್ದ ಪಟ್ಟಿ ಅದು. ನೋಡುವ ಕೆಲಸದ ಹೆಸರೇ ಬರಬರುತ್ತ ಕಾಗದದ ಹೆಸರಾಯಿತು. ಈ ಲೆಕ್ಕಿಗನನ್ನು ಹಳೆ ಮೈಸೂರಿನವರು ಶಾನುಭೋಗ ಎಂದರು, ಧಾರವಾಡದ ಕಡೆಯವರು ಕುಲಕರ್ಣಿ ಎಂದರು, ನಿಜಾಮರ ಸೀಮೆಯಲ್ಲಿ ಅವನು ಪಟವಾರಿ. 1853ರಿಂದ 1883ರವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಮಾಡಿ ರಾಜ್ಯವನ್ನು ಜಿಲ್ಲೆಗಳಾಗಿ ಕಟ್ಟಿದ. ಮುಂದಿನ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಮಾದರಿಯಲ್ಲಿ ಭೂಮಾಪನ ಆರಂಭವಾಯಿತು. ಸರ್ವೆ ಬಂದಲ್ಲೆಲ್ಲ ಹೊಲಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಸಾಲು, ಸಾಲಿಗೆ ಇಂತಿಷ್ಟು ಕಾಲಂ ಎಂಬ ಶಿಸ್ತೂ ಬಂತು. ಸೇತ್ವಾರ್, ಪಹಣಿ, ಫೈಸಲ್ ಪಟ್ಟಿ, ವಸೂಲ್ ಬಾಕಿ ಎಂಬ ವಹಿಗಳು ಒಂದಕ್ಕೊಂದು ಆ ಸಂಖ್ಯೆಯ ಎಳೆಯಿಂದಲೇ ಹೆಣೆದುಕೊಂಡಿದ್ದವು. ಸೇತ್ವಾರಿನಲ್ಲಿ ವಿಸ್ತೀರ್ಣ ಮತ್ತು ಕಂದಾಯದ ದರ, ಪಹಣಿಯಲ್ಲಿ ಆ ವರ್ಷ ಕಂಡದ್ದು. ಎರಡನ್ನೂ ಜೋಡಿಸಿ, ಬರಬೇಕಾದ ಹಣವನ್ನು ರೈತವಾರು ಎತ್ತಿ ಬರೆದರೆ ಅದು ವಸೂಲಿಯ ಲೆಕ್ಕ. ಇಂದಿನ ಡೇಟಾಬೇಸ್ ಎರಡು ಟೇಬಲ್‌ಗಳನ್ನು ಒಂದು ಸಾಮಾನ್ಯ ಸಂಖ್ಯೆಯ ಮೇಲೆ ಕೂಡಿಸಿ, ಗೊತ್ತಾದ ನಮೂನೆಯಲ್ಲಿ ವರದಿ ಅಚ್ಚು ಹಾಕುವುದು ಇದೇ ಕೆಲಸವನ್ನೇ. ಪಟವಾರಿ ಅದನ್ನು ಬೋರು ಮತ್ತು ಮಸಿಯಿಂದ ಮಾಡುತ್ತಿದ್ದ. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಈ ವ್ಯವಸ್ಥೆಯಲ್ಲೇ ಇದ್ದವು. ಫಸಲಿ ವರ್ಷ ಹಾಕಿದ ಉರ್ದು ವಹಿ ಅಲ್ಲಿಯ ಹಳೆಯ ಮನೆತನಗಳಿಗೆ ಅಪರಿಚಿತವಲ್ಲ.

ಈ ಶಿಸ್ತು ರಾಜ್ಯದುದ್ದಕ್ಕೂ ಒಂದೇ ಸಮ ಇರಲಿಲ್ಲ, ಅದನ್ನು ಮರೆಯಬಾರದು. ದಿವಾನಿಯ ನೇರ ಆಡಳಿತದ ಹೊರಗೆ ಜಹಗೀರು, ಸರದಾರ ಮನೆತನಗಳ ಪಾಯಗಾ, ನಿಜಾಮರ ಸ್ವಂತ ಖರ್ಚಿನ ಸರ್ಫ್-ಎ-ಖಾಸ್ ಎಂದು ಬಹುದೊಡ್ಡ ಪಾಲು ನೆಲವಿತ್ತು. ರಾಜಧಾನಿಯನ್ನು ಸುತ್ತುವರಿದ ಅತ್ರಾಫ್-ಎ-ಬಲ್ದಾ ಜಿಲ್ಲೆಯೇ ಸರ್ಫ್-ಎ-ಖಾಸ್. ಜಹಗೀರುದಾರರ ಕಚೇರಿಗೆ ಅದರದೇ ವಹಿ, ಅದರದೇ ಪದ್ಧತಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಜಹಗೀರುಗಳು ರದ್ದಾದವು. ಆಗ ಸರ್ಕಾರದ ಕೈಗೆ ಬಂದದ್ದು ನೂರಾರು ಬಗೆಯ ವಹಿಗಳು. ಅವನ್ನೆಲ್ಲ ಒಂದು ನಮೂನೆಗೆ ತರಲು ಊರೂರು ಸುತ್ತಿ ಸಿದ್ಧಪಡಿಸಿದ್ದೇ 1954-55ರ ಖಸ್ರಾ ಪಹಣಿ. ಎಪ್ಪತ್ತು ವರ್ಷ ಕಳೆದರೂ ಹೈದರಾಬಾದ್ ಸುತ್ತಲಿನ ಯಾವುದೇ ಭೂವ್ಯಾಜ್ಯದಲ್ಲಿ ವಕೀಲರು ಮೊದಲು ಕೇಳುವ ಕಾಗದ ಅದು. ಅದರಲ್ಲಿ ತಪ್ಪೇ ಇಲ್ಲವೆಂದು ಅದನ್ನು ಕೇಳುವುದಿಲ್ಲ. ಪಟ್ಟಾದಾರ ಯಾರು, ಸ್ವಾಧೀನದಲ್ಲಿರುವವರು ಯಾರು ಎಂಬ ಎರಡು ಪ್ರಶ್ನೆಯನ್ನು ಬೇರೆಬೇರೆ ಕಾಲಂನಲ್ಲಿ ಕೇಳಿ, ಎರಡಕ್ಕೂ ಒಂದೇ ವರ್ಷದಲ್ಲಿ ಉತ್ತರ ಬರೆದಿಟ್ಟ ದಾಖಲೆ ಎಂಬುದಕ್ಕೆ ಅದಕ್ಕಿಷ್ಟು ಬೆಲೆ. ತಿದ್ದಿದ್ದರೆ ಹೊಡೆದು ಹಾಕಿದ ಗೆರೆ ಕಾಣುತ್ತದೆ, ಬೇರೆ ಮಸಿಯಾದರೆ ಬೇರೆಯದೆಂದು ತಿಳಿಯುತ್ತದೆ. ಕಾಗದ ತನ್ನ ಗಾಯದ ಗುರುತನ್ನು ತಾನೇ ಹೊತ್ತುಕೊಂಡಿರುತ್ತದೆ.

1988ರ ಪ್ರಯೋಗ ಕಂಡ ಕನಸು ಆಗ ಕೈಗೂಡಲಿಲ್ಲ. ಕಾರಣ ಯಂತ್ರದ ದೋಷವಲ್ಲ. ಕಂಪ್ಯೂಟರ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಬದಲಾವಣೆ ನಡೆಯುತ್ತಿದ್ದುದು ಹಳ್ಳಿಯಲ್ಲಿ ಮತ್ತು ಮಂಡಲ ಕಚೇರಿಯಲ್ಲಿ. ಒಬ್ಬ ತೀರಿಕೊಂಡ, ಮಕ್ಕಳು ಪಾಲಾದರು, ಒಬ್ಬ ಮಾರಿದ. ಇವೆಲ್ಲ ಕೈಬರಹದ ವಹಿಯಲ್ಲಿ ಮುಂದುವರಿಯುತ್ತಲೇ ಇದ್ದವು. ಯಂತ್ರದೊಳಗಿನ ಟೇಬಲ್ ತುಂಬಿಸಿದ ದಿನವೇ ಹಳತಾಯಿತು. 1991ರಲ್ಲಿ ಕರ್ನಾಟಕದಲ್ಲೂ ಕೇಂದ್ರದ ಹಣದಿಂದಲೇ ಮೊದಲ ಪ್ರಯೋಗ ನಡೆಯಿತು, ಅದೂ ಇದೇ ಗೋಡೆಗೆ ಬಡಿಯಿತು. ಆಂಧ್ರದಲ್ಲಿ 1998ರ ನವೆಂಬರಿನಲ್ಲಿ ಉಪನೋಂದಣಿ ಕಚೇರಿಗಳಿಗೆ ಬಂದ 'ಕಾರ್ಡ್' ಯೋಜನೆ ಮಾತ್ರ ಬೇರೆ ದಾರಿ ಹಿಡಿಯಿತು. ಪತ್ರ ನೋಂದಾಯಿಸುವ ಮೇಜಿನಲ್ಲೇ ವಿವರ ಟೇಬಲ್ ಸೇರುತ್ತಿದ್ದುದರಿಂದ, ಇಂಡೆಕ್ಸ್ ಪುಸ್ತಕ ತಿರುವಿ ದಿನಗಟ್ಟಲೆ ಹುಡುಕಿ ಬರೆಯುತ್ತಿದ್ದ ಋಣಭಾರ ಪತ್ರ ನಿಮಿಷಗಳಲ್ಲಿ ಅಚ್ಚಾಗಿ ಹೊರಬರತೊಡಗಿತು. ಕರ್ನಾಟಕದ 'ಭೂಮಿ' ಕಲಿತ ಪಾಠವೂ ಅದೇ: ತಾಲ್ಲೂಕು ಕಚೇರಿಗೇ ಕಂಪ್ಯೂಟರ್ ಇಳಿಸು, ಕೈಬರಹದ ಪಹಣಿ ನಿಲ್ಲಿಸು, ಮ್ಯುಟೇಷನ್ ಅಂದರೆ ಹಕ್ಕು ಬದಲಾವಣೆಯ ಅರ್ಜಿಗೆ ಸರದಿ ಹಾಕು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು 177 ತಾಲ್ಲೂಕುಗಳ ಕಿಟಕಿಗೆ ಬಂದವು. ಆಗ ಒಂದು ಪಹಣಿಗೆ 15 ರೂಪಾಯಿ. ಮೊದಲು ಪಹಣಿ ಬರೆಸಿಕೊಂಡು ಬರುತ್ತಿದ್ದ ಜನ ಆಮೇಲೆ ಪಹಣಿ ತೆಗೆಸಿಕೊಂಡು ಬರತೊಡಗಿದರು. ಈ ಎರಡು ಕ್ರಿಯಾಪದಗಳ ನಡುವೆ ನಡೆದದ್ದೇ ನಾನು ಹೇಳುತ್ತಿರುವ ಚರಿತ್ರೆ.

ಅಚ್ಚಾದ ಪಹಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೇಲ್ಗಡೆ ನಮೂನೆ 16 ಎಂದಿರುತ್ತದೆ. ಅದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಕೈಬರಹಕ್ಕೆಂದು ಗೆರೆ ಎಳೆದ ನಮೂನೆ, ಕಂಪ್ಯೂಟರ್ ಅದನ್ನೇ ಎತ್ತಿಕೊಂಡಿತು. ಹೊಲವನ್ನು ಗುರುತಿಸುವುದು ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂಬ ಮೂರು ತುಣುಕು. ಸರ್ನಾಕ್ ಇಲ್ಲದ ಕಡೆ ಒಂದು ನಕ್ಷತ್ರ ಚಿಹ್ನೆ ಕೂತಿರುತ್ತದೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಮಾಲೀಕರು ಮತ್ತು ಅವರವರ ಪಾಲು, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಎಂ.ಆರ್. ಎಂಬ ಮ್ಯುಟೇಷನ್ ಸಂಖ್ಯೆ, 11ರಲ್ಲಿ ಸಾಲಸೋಲ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಈಗ ಒಂದು ಹೊಲ 4 ಎಕರೆ 20 ಗುಂಟೆ, ಅಣ್ಣತಮ್ಮಂದಿರು ಮೂವರು, ಒಬ್ಬೊಬ್ಬರಿಗೆ 1 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ವಹಿಯಿಂದ ನಕಲು ಮಾಡುವಾಗ ಒಬ್ಬನ ಹೆಸರಿನ ಮುಂದೆ 20ರ ಬದಲು 25 ಬಿದ್ದರೆ 9ನೇ ಕಾಲಂನ ಮೊತ್ತ 4 ಎಕರೆ 25 ಗುಂಟೆ. ನೆಲದ ಮೇಲೆ ಒಂದು ಬದುವೂ ಕದಲಿಲ್ಲ. ಆದರೂ 3ಕ್ಕೂ 9ಕ್ಕೂ ತಾಳೆಯಾಗದ್ದರಿಂದ ಮೂವರಲ್ಲಿ ಯಾರೂ ಮಾರುವಂತಿಲ್ಲ, ಪಾಲು ಮಾಡಿಕೊಳ್ಳುವಂತಿಲ್ಲ. ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿ 'ಮೂರು ಒಂಬತ್ತು' ಎಂದರೆ ಸಾಕು, ಏನೆಂದು ಎಲ್ಲರಿಗೂ ಗೊತ್ತು. ಪಹಣಿ ತಿದ್ದುಪಡಿಗೆಂದೇ ಅದಾಲತ್ ನಡೆಸಬೇಕಾಯಿತು. ಹಳೆಯ ವಹಿಯಲ್ಲೂ ಇಂಥ ಹೊಂದಾಣಿಕೆಯಾಗದ ಲೆಕ್ಕ ಧಾರಾಳವಾಗಿತ್ತು. ಅಲ್ಲಿ ಅದು ಸುಮ್ಮನೆ ಮಲಗಿತ್ತು, ಇಲ್ಲಿ ಯಂತ್ರ ಅದನ್ನು ಹಿಡಿದು ನಿಲ್ಲಿಸಿತು. ಹಿಡಿದದ್ದು ಒಳ್ಳೆಯದೇ. ಆದರೆ ಸರಿ ಯಾವುದೆಂದು ಹೇಳುವ ಶಕ್ತಿ ಯಂತ್ರಕ್ಕಿಲ್ಲ. ಅದಕ್ಕೆ ಯಾರಾದರೂ ಹೊಲಕ್ಕೆ ಹೋಗಲೇಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪಟವಾರಿಯ ಕಣ್ಣನ್ನು ಹೊಗಳುವುದು ಸುಲಭ, ಆ ಕಣ್ಣಿಗೆ ಜನ ತೆತ್ತ ಬೆಲೆ ಕೇಳಿದ್ದೀರಾ ಎಂದು ಯಾರಾದರೂ ಕೇಳಬಹುದು. ವಂಶಪಾರಂಪರ್ಯವಾಗಿ ಬಂದ ಅಧಿಕಾರ, ವಹಿ ಅವನ ಮನೆಯ ಪೆಟ್ಟಿಗೆಯಲ್ಲಿ, ಓದಲು ಬಾರದ ರೈತ ಬಾಗಿಲಲ್ಲಿ. ತೆಲಂಗಾಣದ ರೈತ ಹೋರಾಟದ ಸಿಟ್ಟಿನಲ್ಲಿ ದೇಶ್‌ಮುಖರ ಜೊತೆಗೆ ಪಟೇಲ್-ಪಟವಾರಿಗಳ ಮೇಲಿನ ಸಿಟ್ಟೂ ಇತ್ತು. ಕರ್ನಾಟಕ 1963ರಲ್ಲಿ ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯಿತು, ಆಂಧ್ರದಲ್ಲಿ ಎನ್.ಟಿ. ರಾಮರಾವ್ 1984ರಲ್ಲಿ ತೆಗೆದರು. ಎರಡೂ ಆಗಲೇಬೇಕಾಗಿದ್ದ ಕೆಲಸಗಳು. ಹದಿನೈದು ರೂಪಾಯಿಗೆ ಸಿಕ್ಕ ಪಹಣಿ ಬಡವನಿಗೆ ಕೊಟ್ಟ ಮರ್ಯಾದೆ ಸಣ್ಣದಲ್ಲ, ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ಆ ಪಟವಾರಿಯ ಬಳಿ ಎರಡು ಬೇರೆಬೇರೆ ವಸ್ತುಗಳಿದ್ದವು: ವಹಿಯ ಮೇಲಿನ ಏಕಸ್ವಾಮ್ಯ ಮತ್ತು ಹೊಲದ ತಿಳಿವಳಿಕೆ. ಮೊದಲನೆಯದನ್ನು ಕಿತ್ತುಕೊಳ್ಳಲು ಎರಡನೆಯದನ್ನೂ ಎಸೆಯಬೇಕಿತ್ತು ಎಂಬುದು ಯಾವ ಸಾಕ್ಷ್ಯದಿಂದಲೂ ಸಿದ್ಧವಾಗುವುದಿಲ್ಲ.

ತೆಲಂಗಾಣದಲ್ಲಿ ಎಸೆದದ್ದು ಹಂತಹಂತವಾಗಿ. 2017ರ ಸೆಪ್ಟೆಂಬರಿನಲ್ಲಿ ಶುರುವಾದ ಭೂದಾಖಲೆ ಶುದ್ಧೀಕರಣದಲ್ಲಿ ಪಹಣಿಯ ಅನುಭವದಾರರ ಕಾಲಂ ಕೈಬಿಟ್ಟರು. ಅನುಭವದಾರ ಎಂದರೆ ನೆಲ ನಿಜವಾಗಿ ಯಾರ ಕೈಯಲ್ಲಿದೆಯೋ ಅವನು. 2020ರಲ್ಲಿ ಹೊಸ ಕಾಯ್ದೆ ತಂದು ಗ್ರಾಮ ಕಂದಾಯ ಅಧಿಕಾರಿಯ ಹುದ್ದೆಯನ್ನೇ ರದ್ದು ಮಾಡಿದರು, ಅಕ್ಟೋಬರ್ 29ರಂದು 'ಧರಣಿ' ಪೋರ್ಟಲ್ ಬಂತು. ನೋಂದಣಿ, ಮ್ಯುಟೇಷನ್, ಪಾಸ್‌ಪುಸ್ತಕ ಮೂರೂ ಒಂದೇ ಟೇಬಲಿನ ಮೇಲೆ, ತಹಸೀಲ್ದಾರರ ಮೇಜಿನಲ್ಲಿ, ಒಂದೇ ಸಲಕ್ಕೆ. ಹಳೆಯ ಪಹಣಿಯಲ್ಲಿದ್ದ 32 ಕಾಲಂಗಳು ಧರಣಿಯಲ್ಲಿ ಒಂದೇ ಒಂದಕ್ಕೆ ಇಳಿದವು ಎಂದು ಮುಂದಿನ ಸರ್ಕಾರ ದೂರಿತು. ಶಂಶಾಬಾದಿನಂಥ ಕಡೆ ಇದರ ಅರ್ಥವೇನೆಂದು ಯೋಚಿಸಿ. ಒಂದೇ ಸರ್ವೆ ನಂಬರ್ ಹತ್ತಾರು ತುಂಡಾಗಿರುತ್ತದೆ, ಒಂದು ತುಂಡು ಲೇಔಟ್ ಆಗಿರುತ್ತದೆ, ಇನ್ನೊಂದರಲ್ಲಿ ಪಾಲಿಗೆ ಮಾಡುವವನು ಉಳುತ್ತಿರುತ್ತಾನೆ, ಮತ್ತೊಂದು ಸಾದಾ ಬಿಳಿ ಕಾಗದದ ಮೇಲೆ ಕೊಂಡದ್ದಾಗಿರುತ್ತದೆ. ಟೇಬಲಿಗೆ ಇವ್ಯಾವೂ ಗೊತ್ತಿಲ್ಲ. ಅಚ್ಚಾಗಿ ಬರುವ ಕಾಗದದಲ್ಲಿ ಒಂದು ಹೆಸರು ಮಾತ್ರ, ಎಂದೆಂದೂ ಅದೇ ಇತ್ತೋ ಎಂಬಷ್ಟು ಶುಭ್ರವಾಗಿ.

ಅನುಭವದಾರರ ಕಾಲಂ ತೆಗೆದದ್ದನ್ನು ಸಮರ್ಥಿಸುವವರ ವಾದವೂ ಹಗುರವಾದದ್ದಲ್ಲ. ಗೇಣಿಗೆ ಕೊಟ್ಟ ನೆಲದಲ್ಲಿ ಲಂಚ ಕೊಟ್ಟು ಅನುಭವದಾರನೆಂದು ಬರೆಸಿಕೊಂಡು ಮಾಲೀಕನನ್ನೇ ಕೋರ್ಟಿಗೆ ಎಳೆದ ಪ್ರಕರಣಗಳಿದ್ದವು. ಒಂದು ದಾಖಲೆಯಲ್ಲಿ ಇಬ್ಬರ ಹೆಸರಿದ್ದರೆ ಬ್ಯಾಂಕಿಗೂ ಕೊಳ್ಳುವವನಿಗೂ ಅನುಮಾನ ಎಂಬುದು ಅವರ ಮಾತು. ಒಪ್ಪೋಣ. ಆದರೆ ಕಾಲಂ ಅಳಿಸಿದರೆ ಗೇಣಿದಾರ ಅಳಿಸಿಹೋಗುವುದಿಲ್ಲ, ಅವನು ಅದೇ ಹೊಲದಲ್ಲಿ ಮರುದಿನವೂ ನೇಗಿಲು ಹೂಡುತ್ತಾನೆ. 2018ರ ಮೇ ತಿಂಗಳಿನಲ್ಲಿ ಎಕರೆಗೆ ಹಂಗಾಮಿಗೆ 4,000 ರೂಪಾಯಿಯಂತೆ ಆರಂಭವಾದ 'ರೈತಬಂಧು' ನೆರವು ಪಾಸ್‌ಪುಸ್ತಕ ಇದ್ದವರಿಗೆ ಹೋಯಿತು, ಉಳುವವನಿಗೆ ಹೋಗಲಿಲ್ಲ. ಹಣ ಹಂಚಿದ್ದು ಅದೇ ಟೇಬಲ್ ನೋಡಿ. ಕಾಗದದಲ್ಲಿ ಜಾಗವಿಲ್ಲದವನಿಗೆ ಬೆಳೆಸಾಲವೂ ಕಷ್ಟ, ಬೆಳೆ ಹೋದಾಗ ಪರಿಹಾರವೂ ಕಷ್ಟ. ಒಂದು ನಮೂನೆಯಲ್ಲಿ ಎಷ್ಟು ಕಾಲಂ ಇರಬೇಕೆಂಬುದನ್ನು ತಂತ್ರಜ್ಞರ ವಿಷಯವೆಂದು ಬಿಟ್ಟರೆ ಆಗುವುದು ಇದೇ. ಅದು ಯಾರನ್ನು ನೋಡಬೇಕು, ಯಾರನ್ನು ನೋಡಬೇಕಿಲ್ಲ ಎಂಬ ತೀರ್ಮಾನ, ಶಾಸನಸಭೆಯಲ್ಲಿ ಚರ್ಚೆಯಾಗಬೇಕಾದದ್ದು.

ನೋಡುವ ಕೆಲಸವನ್ನೂ ಈಗ ಯಂತ್ರವೇ ಮಾಡುತ್ತದಲ್ಲ ಎನ್ನುವವರಿದ್ದಾರೆ. ಕರ್ನಾಟಕದ ಬೆಳೆ ಸಮೀಕ್ಷೆ ಆ್ಯಪ್ ಹೊಲದಲ್ಲಿ ನಿಂತು ತೆಗೆದ ಫೋಟೋ ಕೇಳುತ್ತದೆ, ರೈತ ತಾನೇ ತನ್ನ ಬೆಳೆ ದಾಖಲಿಸಬಹುದು. ಪಹಣಿಯ ಹಳೆಯ ಅರ್ಥಕ್ಕೆ ಇದು ನಿಜವಾಗಿಯೂ ಹತ್ತಿರದ ಪ್ರಯತ್ನ, ಮೆಚ್ಚಬೇಕಾದದ್ದು. ಆದರೆ ಫೋಟೋ ತೊಗರಿಯನ್ನು ತೊಗರಿಯೆಂದು ತೋರಿಸುತ್ತದೆ, ಬಿತ್ತಿದವನು ಯಾರೆಂದು ತೋರಿಸುವುದಿಲ್ಲ. ಆ ಪ್ರಶ್ನೆಗೆ ನೆರೆಹೊಲದವರ ಬಾಯಿಮಾತು ಬೇಕು, ಕೇಳಿ ಬರೆದುಕೊಳ್ಳುವ, ಬರೆದದ್ದಕ್ಕೆ ಸಹಿ ಹಾಕಿ ಜವಾಬುದಾರನಾಗುವ ಒಬ್ಬ ಮನುಷ್ಯ ಬೇಕು.

ತೆಲಂಗಾಣಕ್ಕೆ ಇದು ಐದೇ ವರ್ಷದಲ್ಲಿ ಮನವರಿಕೆಯಾದಂತಿದೆ. 2024ರ ಡಿಸೆಂಬರಿನಲ್ಲಿ 'ಭೂಭಾರತಿ' ಮಸೂದೆ ಬಂತು, 2025ರ ಏಪ್ರಿಲ್ 14ರಂದು ಧರಣಿಯ ಜಾಗದಲ್ಲಿ ಅದರ ಪೋರ್ಟಲ್ ಶುರುವಾಯಿತು. ಪಹಣಿಯ ಕಾಲಂಗಳನ್ನು 11ಕ್ಕೆ ಏರಿಸುವುದಾಗಿ ಸರ್ಕಾರ ಹೇಳಿತು. ರದ್ದಾದ ಗ್ರಾಮ ಕಂದಾಯ ಅಧಿಕಾರಿಯ ಜಾಗಕ್ಕೆ ಅದೇ ವರ್ಷ ಗ್ರಾಮ ಪಾಲನಾಧಿಕಾರಿ ಎಂಬ ಹೆಸರಿನಲ್ಲಿ ಹಳ್ಳಿಗೆ ಮತ್ತೆ ಒಬ್ಬ ನೌಕರ ಬಂದ. ಹಕ್ಕು ಬದಲಾಗುವಾಗ ಸರ್ವೆ ನಕ್ಷೆಯನ್ನು ಲಗತ್ತಿಸಬೇಕೆಂಬ ಏರ್ಪಾಡನ್ನು ಕಾಯ್ದೆಯಲ್ಲೇ ಸೇರಿಸಿದ್ದಾರೆ, ಅದಕ್ಕಾಗಿ ಪರವಾನಗಿ ಪಡೆದ ಭೂಮಾಪಕರನ್ನು ತರಬೇತಿ ಕೊಟ್ಟು ಸಜ್ಜುಮಾಡುತ್ತಿದ್ದಾರೆ. ಇನ್ನು ಪಹಣಿ ಅಚ್ಚಾಗುವ ಮೊದಲು ಅಳತೆಯ ಉಪಕರಣ ಹಿಡಿದ ಒಬ್ಬ ಶಂಶಾಬಾದಿನ ಆ ತುಂಡು ಹೊಲಕ್ಕೆ ಇಳಿಯುತ್ತಾನೆ, ಕಲ್ಲು ಎಲ್ಲಿದೆಯೆಂದು ಹುಡುಕುತ್ತಾನೆ, ಬದುವಿನ ಆಚೆಯವನನ್ನು ಕರೆದು ಕೇಳುತ್ತಾನೆ.