ಪರ್ದೇಸಿ

ಮನೆಯ ಯಜಮಾನ ಸತ್ತು, ಹೆಣ ಎತ್ತುವ ಹೊತ್ತಿಗೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಕೇಳಿಬರುವ ಗೋಳೊಂದಿದೆ: ‘ನನ್ ಮಕ್ಳನ್ನ ಪರ್ದೇಸಿ ಮಾಡಿ ಹೋಗ್ಬುಟ್ಯಲ್ಲೋ.’ ಹಾಗೆ ಅಳುವವಳು ಆ ಮಕ್ಕಳ ತಾಯಿ. ಮಕ್ಕಳು ಅವಳ ಸೆರಗನ್ನೇ ಹಿಡಿದು ನಿಂತಿರುತ್ತವೆ. ಹುಟ್ಟಿದ ಮನೆ, ಹೆತ್ತವಳು ಎರಡೂ ಇರುವ ಕೂಸು ಅದು ಹೇಗೆ ಪರದೇಶಿ?

ತಬ್ಬಲಿ ಎನ್ನಲು ಬರುವುದಿಲ್ಲ. ಅದು ಕೊಟ್ಟಿಗೆಯ ಪದ. ಗೋವಿನ ಹಾಡು ಕೇಳಿ ಬೆಳೆದ ನಮಗೆ ಆ ಸದ್ದಿಗೇ ತಾಯಿ ಇಲ್ಲದ ಕರು ಕಣ್ಣ ಮುಂದೆ ಬರುತ್ತದೆ. (ತಬ್ಬುವವರಿಲ್ಲದ್ದು ತಬ್ಬಲಿ ಎಂದು ನನ್ನ ಕಿವಿ ಹೇಳುತ್ತದೆ, ಭಾಷಾಶಾಸ್ತ್ರಿಗಳು ಒಪ್ಪಲಾರರು.) ಅನಾಥ ಎನ್ನೋಣವೆಂದರೆ ಅದು ಅರ್ಜಿಯ ಪದ, ಕಚೇರಿಯ ಪದ. ಅಲ್ಲೂ ಜಗಳವಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಾಕಬಲ್ಲ ತಾಯಿ ಬದುಕಿದ್ದರೆ ಮಗು ಅನಾಥವಲ್ಲ. ಯುನಿಸೆಫ್ ಮಾತ್ರ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಹೋದರೂ ಅನಾಥರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ನಮ್ಮ ಮುದುಕಿಯರು ಈ ಎರಡು ಕಡೆಗೂ ಹೋಗದೆ, ಸಂಸ್ಕೃತದ ಪರದೇಶಿಯ ‘ಶಿ’ಯನ್ನು ‘ಸಿ’ ಮಾಡಿ ತಮ್ಮದಾಗಿಸಿಕೊಂಡರು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಮಂದಿರಕ್ಕೆ ಇವತ್ತಿಗೂ ಪರದೇಶಿ ಎಂದೇ ಹೆಸರು. ಅಲ್ಲಿ ಅದರ ಅರ್ಥ ಹೊರನಾಡಿಂದ ಬಂದವರದು, ಅಷ್ಟೇ. ಹಿಂದಿ ಸಿನಿಮಾ ಹಾಡುಗಳಲ್ಲಿ ಪರದೇಸಿ ಎಂದರೆ ಬಿಟ್ಟುಹೋದ ನಲ್ಲ. ನಮ್ಮಲ್ಲಿ ಮಾತ್ರ ಅವನು ಊರಲ್ಲೇ ಇದ್ದಾನೆ, ಕೇಳುವವರಿಲ್ಲ.

ಈ ಪದದ ಎರಡು ಅರ್ಥವೂ ಒಂದೇ ಮನೆಗೆ ಹೊಂದಿದ್ದು ದೊಡ್ಡಬಳ್ಳಾಪುರದಲ್ಲೇ. ಹದಿನೆಂಟನೇ ಶತಮಾನದ ಮೊದಲ ಭಾಗ. ಸಿರಾ ಸುಬೇದಾರನ ಕೈಕೆಳಗಿದ್ದ ಫತೇ ಮುಹಮ್ಮದ್ ಎಂಬ ಸೇನಾನಿ ಯುದ್ಧದಲ್ಲಿ ಸತ್ತ. ಅವನ ಮನೆತನವೇ ಬಡಗಣದಿಂದ ಚಾಕರಿ ಹುಡುಕಿ ಬಂದದ್ದು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಮಗನಿಗೂ ಇಲ್ಲಿ ಹೊಲ, ಮನೆ, ದಾಯಾದಿ ಎಂಬುದಿರಲಿಲ್ಲ. ಗಂಡ ಹೋದ ಮೇಲೆ ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ವಿಧವೆಯ ಆಸ್ತಿ ಕಿತ್ತುಕೊಂಡ. ಇನ್ನೂ ಬಚ್ಚಿಟ್ಟಿರಬಹುದೆಂದು ಇಬ್ಬರು ಗಂಡುಮಕ್ಕಳಿಗೆ ಚಿತ್ರಹಿಂಸೆ ಕೊಟ್ಟ. ದೊಡ್ಡವನು ಶಹಬಾಜ್, ಒಂಬತ್ತು ವರ್ಷ. ಚಿಕ್ಕವನು ಹೈದರ್, ಏಳು. ವಯಸ್ಸಿನ ಲೆಕ್ಕ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್‌ನದು. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು ಬಾರಿಸಿದರು ಎಂಬ ಕಥೆಯೂ ಇದೆ. ನಿಜವೋ ಕಟ್ಟುಕಥೆಯೋ, ನನಗೆ ಆ ಸದ್ದಿನಲ್ಲಿ ಮಕ್ಕಳಿಗಿಂತ ಹೊರಗೆ ನಿಂತ ತಾಯಿಯೇ ಕಾಣುತ್ತಾಳೆ. ಬಾರಿಸಿದ್ದು ಅವಳ ಕಿವಿಗೆ ತಾನೆ?

ಕೊಡುವುದನ್ನೆಲ್ಲ ಕೊಟ್ಟು ಮಕ್ಕಳನ್ನು ಕರೆದುಕೊಂಡು ಅವಳು ಹೋದದ್ದು ಬೆಂಗಳೂರಿಗೆ, ತನ್ನ ಒಡಹುಟ್ಟಿದ ಇಬ್ರಾಹಿಂನ ಬಳಿಗೆ ಎನ್ನುತ್ತಾನೆ ವಿಲ್ಕ್ಸ್. ಇದಕ್ಕೆ ನಮ್ಮ ಕಡೆ ವಿವರಣೆ ಬೇಕಿಲ್ಲ. ಅಪ್ಪನಿಲ್ಲದ ಮಕ್ಕಳಿಗೆ ಸೋದರಮಾವನ ಮನೆ. ಮಾವನೊಬ್ಬ ‘ನಮ್ಮ ಹುಡುಗರು’ ಅಂದನೆಂದರೆ ಪರ್ದೇಸಿ ಅನ್ನುವವರ ಬಾಯಿ ಮುಚ್ಚಿತು.

ಹುಡುಗರು ಬೆಳೆದು ಮೈಸೂರಿನ ಸೈನ್ಯ ಸೇರಿದರು. 1749ರಲ್ಲಿ ದೇವನಹಳ್ಳಿ ಕೋಟೆಗೆ ಮೈಸೂರಿನವರು ಮುತ್ತಿಗೆ ಹಾಕಿದಾಗ ಹೈದರ್ ಮೊದಲ ಸಲ ಮೇಲಿನವರ ಕಣ್ಣಿಗೆ ಬಿದ್ದ. ಅದೇ ದೇವನಹಳ್ಳಿಯಲ್ಲೇ ಅವನ ಮಗ ಟಿಪ್ಪು ಹುಟ್ಟಿದ್ದು. 1761ರಲ್ಲಿ ಹೈದರ್ ಹೊಸಕೋಟೆಯನ್ನು ವಶಮಾಡಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂದ. ನಗಾರಿಯ ನೆನಪು ಅಬ್ಬಾಸ್ ಕುಲಿ ಖಾನನಿಗೂ ಇದ್ದಿರಬೇಕು. ಮನೆಮಂದಿಯನ್ನು ಹಿಂದೆ ಬಿಟ್ಟು ಮದ್ರಾಸಿಗೆ ಓಡಿದ. ಮುಂದೊಮ್ಮೆ ಹೈದರನ ಕುದುರೆಗಳು ಮದ್ರಾಸಿನ ಬಾಗಿಲಿಗೇ ಬಂದಾಗ ಒಂದು ಮುರುಕು ಹಡಗು ಹತ್ತಿ ಕುಳಿತವನು, ಸೈನ್ಯ ಘಟ್ಟ ಹತ್ತುವ ತನಕ ದಡಕ್ಕಿಳಿಯಲಿಲ್ಲವಂತೆ. ಆಗ ಪರದೇಶಿ ಯಾರಾಗಿದ್ದರೋ ನೀವೇ ಹೇಳಿ.

ಚರಿತ್ರೆ ಇರಲಿ. ಮಾತಿನಲ್ಲಿ ಪದ ಹಗುರವೂ ಆಗಿದೆ. ಬಾಗಿಲಲ್ಲಿ ತಡೆದು ನಿಂತ ನೆಂಟನಿಗೆ ‘ಯಾಕ್ಲಾ ಪರ್ದೇಸಿ ಥರ ನಿಂತಿದ್ದೀಯ, ಒಳಿಕ್ ಬಾ’ ಅಂದರೆ ಅದು ಅಕ್ಕರೆ. ಜಗಳದಲ್ಲಿ ಅದೇ ಪದ ‘ನನ್ಮಗ’ನನ್ನು ಜೊತೆಗೆ ಕಟ್ಟಿಕೊಂಡು ಬರುತ್ತದೆ. ಬಾರದಿರುವುದು ಒಂದೇ ಕಡೆ: ನಿಜವಾದ ಪರದೇಶದ ಸಂಗತಿ ಬಂದಾಗ. 2008ರಲ್ಲಿ ದೇವನಹಳ್ಳಿಯ ಪಕ್ಕ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊರದೇಶವೆಲ್ಲ ನಮ್ಮ ಹೊಲದ ಬದುವಿಗೆ ಬಂದಿಳಿಯುತ್ತಿದೆ. ಇಳಿಯುವವರನ್ನು ಯಾರೂ ಪರದೇಶಿ ಅನ್ನುವುದಿಲ್ಲ, ‘ಫಾರಿನ್ನೋರು’ ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗನೂ ‘ಫಾರಿನ್ನಲ್ಲವ್ನೆ’.

ಮಗನನ್ನು ರಾತ್ರಿ ವಿಮಾನಕ್ಕೆ ಹತ್ತಿಸಿ ಬಂದಿದ್ದ ನಮ್ಮ ಬೀದಿಯ ಹೆಂಗಸೊಬ್ಬರು ಮಾರನೆಯ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದರು. ಗಂಡ ತೀರಿ ಬಹಳ ವರ್ಷವಾಗಿತ್ತು. ‘ಹೋದ್ನೇನಮ್ಮ?’ ಅಂದೆ. ‘ಊಂ ಕಣಪ್ಪ, ಅಲ್ಲಿ ಅವ್ನಿಗೆ ಎಲ್ಲಾ ಅವ್ರೆ. ಇನ್ನ ನಾನೇ ಪರ್ದೇಸಿ’ ಎಂದು ರಂಗೋಲಿ ಡಬ್ಬಿಗೆ ಕೈ ಹಾಕಿದರು.