ಮಗಳು ಪಿಸ್ತೂಲು ಕೇಳ್ತಾಳೆ, ಏನು ಮಾಡಲಿ?

ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ವಾರ. ರಾತ್ರಿ ಕಾರ್ಯಕ್ರಮ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ, ಕೊಟ್ಟೂರಿನಿಂದ ವೀಕ್ಷಕರೊಬ್ಬರ ಫೋನು. "ಸರ್, ಮಗಳು ಪಿಸ್ತೂಲು ಕೊಡ್ಸಪ್ಪ ಅಂತ ಗಂಟು ಬಿದ್ದಾಳ್ರಿ. ಮನು ಭಾಕರ್ ಹೊಡದಿದ್ದು ನೋಡ್ಯಾಳ. ಅವರವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಯಾವುದು ತಗೋಬೇಕು ಹೇಳ್ರಿ. ಇಲ್ಲಾ, ಬ್ಯಾಡ ಅಂತನಾದ್ರೂ ಹೇಳ್ರಿ."

ನಾಳೆ ಹೇಳ್ತೀನಿ ಅಂದೆ. ಯಾಕಂದ್ರೆ ಆ ತಾಯಿಯ ಭಯದಲ್ಲಿ ನಮ್ಮ ಪಾಲೂ ಇದೆ. ಟೀವಿಯಲ್ಲಿ ನಾವು ಪಿಸ್ತೂಲು ತೋರಿಸುವುದು ಯಾವಾಗ? ಶೂಟೌಟ್, ಸುಪಾರಿ, ಎನ್‌ಕೌಂಟರ್. ಹಿಂದೆ ಕೆಂಪು ಗ್ರಾಫಿಕ್ಸ್, ಮುಂದೆ ನನ್ನಂಥವನ ಏರುದನಿ. ಅದನ್ನೇ ನೋಡಿಕೊಂಡು ಬಂದ ಮನೆಯಲ್ಲಿ ಮಗಳು ಪಿಸ್ತೂಲು ಕೇಳಿದರೆ ಅನ್ನ ಗಂಟಲಲ್ಲಿ ಇಳಿಯುತ್ತಾ?

ಆದರೆ ಆ ಭಯ ಟೀವಿಗಿಂತ ಹಳೆಯದು. ಕೊಟ್ಟೂರಿನಿಂದ ಬಸ್ಸು ಹತ್ತಿ ಪಕ್ಕದ ಕೂಡ್ಲಿಗಿಗೆ ಹೋಗಿ. ಅಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟಿರುವ ಸ್ಮಾರಕವಿದೆ. 1948ರ ಜನವರಿ 30ರಂದು ಆ ಮುದುಕನ ಎದೆಗೆ ಮೂರು ಗುಂಡು ಹಾರಿಸಿದ್ದು ಒಂದು ಬೆರೆಟಾ ಪಿಸ್ತೂಲು. ಪಿಸ್ತೂಲು ಏನು ಮಾಡಬಲ್ಲದು ಅನ್ನುವುದಕ್ಕೆ ಈ ಸೀಮೆಯಲ್ಲಿ ಬೇರೆ ಪಾಠ ಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವತ್ತು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಒಂದು ಕಾಲಕ್ಕೆ ಇದು ಪಾಳೆಯಗಾರರ ನಾಡು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ, ಎಲ್ಲೆಲ್ಲೂ ನಾಯಕರ ಕೋಟೆಗಳು, ಬೇಡರ ಪಡೆಗಳು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಇದ್ದ. ರೈತವಾರಿ ಕಂದಾಯ ತಂದವನು ಅಂತ ಪಠ್ಯದಲ್ಲಿ ಓದಿದ್ದೇವೆ. ಅವನು ಮಾಡಿದ ಇನ್ನೊಂದು ಕೆಲಸ ಪಾಳೆಯಗಾರರ ಬಲ ಮುರಿದು, ಅವರ ಆಳುಗಳ ಕೈಯಿಂದ ಆಯುಧ ಇಳಿಸಿದ್ದು.

ಆಯುಧ ಇಳಿಸು ಅಂದ ಕೂಡಲೇ ಎಲ್ಲರೂ ಇಳಿಸಲಿಲ್ಲ. ಇಲ್ಲಿಂದ ಉತ್ತರಕ್ಕೆ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ ಹಲಗಲಿ ಅಂತ ಊರಿದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಅಲ್ಲಿನ ಬೇಡರು ಕೊಡಲ್ಲ ಅಂದರು. ಆ ವರ್ಷದ ನವೆಂಬರಿನಲ್ಲಿ ಕಂಪನಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು. ಸಿಕ್ಕವರನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. 1878ರಲ್ಲಿ ಇಡೀ ದೇಶಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯನಿಗೆ ಲೈಸೆನ್ಸು, ಬಿಳಿಯನಿಗೆ ವಿನಾಯಿತಿ! ಕೊಡವರಿಗೆ ಮಾತ್ರ 1861ರಿಂದಲೂ ಬೇರೆ ವಿನಾಯಿತಿ ಇತ್ತು, ಇವತ್ತಿಗೂ ಇದೆ.

ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಬಂತು. ಬಣ್ಣದ ಭೇದ ಹೋಯ್ತು, ಲೈಸೆನ್ಸು ಉಳೀತು. ನಮ್ಮ ಹಳ್ಳಿಗಳಲ್ಲಿ ಲೈಸೆನ್ಸ್ ಬಂದೂಕು ಅಂದರೆ ಎರಡೇ. ಒಂದು, ಹಂದಿ ಕಾಟಕ್ಕೆ ಹೊಲ ಕಾಯುವ ಬಂದೂಕು. ಇನ್ನೊಂದು, ಗೌಡರ ಮನೆ ಗೋಡೆಯ ಮೇಲಿನ ಗತ್ತು. ಚುನಾವಣೆ ಬಂತೋ, ಎರಡೂ ಪೊಲೀಸ್ ಠಾಣೆಗೆ!

ಗಮನಿಸಿ, ಇಷ್ಟೂ ಇತಿಹಾಸದಲ್ಲಿ ಬಂದೂಕಿನ ಮುಂದೆ ಯಾವಾಗಲೂ ಒಂದು ಜೀವ ಇತ್ತು. ಕಾಗದ ಇರಲಿಲ್ಲ.

ಕಾಗದಕ್ಕೆ ಗುರಿಯಿಡುವ ಪರಂಪರೆಯೂ ಹೊಸದಲ್ಲ. 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಪಿಸ್ತೂಲು ಸ್ಪರ್ಧೆ ಇತ್ತು. ನಮ್ಮ ರಾಷ್ಟ್ರೀಯ ರೈಫಲ್ ಸಂಸ್ಥೆ ಹುಟ್ಟಿದ್ದು 1951ರಲ್ಲಿ, ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಮುಂದಾಳತ್ವದಲ್ಲಿ. ಆದರೆ ಸಾಮಾನ್ಯರ ಮಕ್ಕಳಿಗೆ ಬಾಗಿಲು ತೆರೆದದ್ದು ಗಾಳಿ ಪಿಸ್ತೂಲು. 1988ರ ಸಿಯೋಲ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲು ಒಲಿಂಪಿಕ್ಸ್‌ಗೆ ಬಂತು, ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ. ಮದ್ದಿಲ್ಲ, ಹೊಗೆಯಿಲ್ಲ. 4.5 ಮಿಲಿಮೀಟರಿನ ಸೀಸದ ಗುಂಡು, ತಳ್ಳಲು ಒತ್ತಿಟ್ಟ ಗಾಳಿ. ಕೊಟ್ಟೂರೇಶ್ವರನ ತೇರಿನಲ್ಲಿ ಬಲೂನು ಹೊಡೆದಿದ್ದೀರಲ್ಲ? ಅದರ ದೊಡ್ಡಮ್ಮನ ಮಗಳು ಅಂದುಕೊಳ್ಳಿ.

ಈಗ ಆ ತಂದೆಯ ಪ್ರಶ್ನೆಗೆ ಬರೋಣ. ಯಾವ ಪಿಸ್ತೂಲು?

ಮೊದಲನೆಯದು ಗಾಳಿ ಪಿಸ್ತೂಲೇ ಆಗಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ದಾಟದ ಗಾಳಿ ಆಯುಧಕ್ಕೆ ಲೈಸೆನ್ಸ್ ಬೇಡ. ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಲೆಕ್ಕ ಹೇಳಿಬಿಡ್ತೀನಿ: ಒಂದು ಕಿಲೋ ಕಲ್ಲು ಎರಡು ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 20 ಜೂಲ್. ಸ್ಪರ್ಧೆಯ ಪಿಸ್ತೂಲಿನದು ಅದರ ಮೂರನೇ ಒಂದು ಭಾಗದ ಆಸುಪಾಸು. ಹಾಗಂತ ಆಟಿಕೆ ಅಲ್ಲ, ಒಂದು ಕಣ್ಣು ಕಳೆಯಲು ಅಷ್ಟು ಸಾಕು. ಮದ್ದಿನ .22 ಪಿಸ್ತೂಲಿನ ಮಾತು ಲೈಸೆನ್ಸು, ವರ್ಷಗಳ ಅಭ್ಯಾಸ ಎಲ್ಲ ಆದ ಮೇಲೆ.

ಎರಡನೆಯದು, ಹೆಸರು ನೋಡಿ ಕೊಳ್ಳಬೇಡಿ, ಕೈ ನೋಡಿ ಕೊಳ್ಳಿ. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ಡಿನಿ ಎಲ್ಲವೂ ಒಳ್ಳೆಯ ಕಂಪನಿಗಳೇ, ಎಲ್ಲವೂ ದುಬಾರಿಯೇ. ಆದರೆ ಹಿಡಿ ಅಂಗೈಗೆ ಕೂರದಿದ್ದರೆ ಎಷ್ಟು ದುಡ್ಡು ಸುರಿದರೂ ದಂಡ. ಹಿಡಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಇವೆ. ಎಡಚರಿಗೆ ಬೇರೆ. ನಿಯಮದಂತೆ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು. ಒಂದೇ ಕೈಯಲ್ಲಿ ಎತ್ತಿ 60 ಗುಂಡು ಹೊಡೆಯಬೇಕು. 10 ಅಂಕದ ಚುಕ್ಕಿ 11.5 ಮಿಲಿಮೀಟರ್, ಅಂದರೆ ಒಂದು ಶರ್ಟಿನ ಗುಂಡಿ!

ಮೂರನೆಯದು, ರಿಪೇರಿ ಮಾಡುವವರು ಯಾರು ಅಂತ ಮೊದಲೇ ಕೇಳಿ. ಟೋಕಿಯೋದಲ್ಲಿ ಇದೇ ಮನು ಭಾಕರ್‌ಗೆ ಸ್ಪರ್ಧೆಯ ನಡುವೆ ಪಿಸ್ತೂಲು ಕೈಕೊಟ್ಟಿತ್ತು. ಪದಕ ಬರಲು ಮೂರು ವರ್ಷ ಕಾಯಬೇಕಾಯ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಮೊದಲ ದಿನವೇ ಕೊಳ್ಳಬೇಡಿ. ತರಬೇತುದಾರರಿರುವ ರೇಂಜಿಗೆ ಕರೆದುಕೊಂಡು ಹೋಗಿ, ಅಲ್ಲಿನ ಪಿಸ್ತೂಲಿನಲ್ಲೇ ಕೆಲವು ತಿಂಗಳು ಕಲಿಯಲಿ. ಬೆರಳು ಟ್ರಿಗರ್‌ನಿಂದ ಆಚೆ, ನಳಿಕೆ ಯಾವಾಗಲೂ ಗುರಿಯ ಕಡೆ, ಮನೆಯಲ್ಲಿ ಬೀಗದೊಳಗೆ. ಈ ಮೂರು ರೂಢಿಯಾಗುವ ತನಕ ಕೊಡಿಸುವ ಮಾತೇ ಬೇಡ.

ಕನ್ನಡದ ನೆಲದಲ್ಲಿ ಇದು ಆಗದ ಕೆಲಸವೇನೂ ಅಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2013ರಲ್ಲಿ ಮುಖದ ಪಾರ್ಶ್ವವಾಯು ಬಡಿಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ತಂದರು. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು.

ಮರುದಿನ ಕೊಟ್ಟೂರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಕೊನೆಗೆ ಅವರಿಗೆ ಗೊತ್ತಿರುವ ಒಂದು ಚಿತ್ರ ನೆನಪಿಸಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಲ್ಲಿ ಬಿಲ್ಲು ಯಾರ ಪ್ರಾಣಕ್ಕೂ ಗುರಿಯಿಟ್ಟದ್ದಲ್ಲ. ಗುರಿಕಾರನೂ ಗುಂಡು ಹೊಡೆಯುವ ಮುನ್ನ ತನ್ನ ಮೈಗೆ ಹೇಳಿಕೊಳ್ಳುವುದು ಅದನ್ನೇ: ಸದ್ದಲೇ. ಆ ಮೌನ ಕಲಿಯಲಿ ನಿಮ್ಮ ಮಗಳು ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ ಅಂದರು, "ಹಂಗಾದ್ರ ಸರ್, ರೇಂಜಿಗೆ ಮೊದ್ಲು ಅವರವ್ವನ್ನ ಕರ್ಕೊಂಡು ಹೋಗ್ತೀನ್ರಿ. ಆಕಿ ನೋಡ್ಲಿ."